ಗುಂಡು ಹೊತ್ತ ಹಡಗಿನ ಜಾಡಿನಲ್ಲಿ: ರಿಚ್ಮಂಡ್, ಪೋರ್ಟ್ ಶಿಕಾಗೋ, ಸುಸೂನ್ ಕೊಲ್ಲಿ

ಗುರುವಾರ

ಯುದ್ಧದ ಹಡಗು ಅಂದರೆ ಎಲ್ಲರ ಕಣ್ಣಿಗೂ ಮೊದಲು ಬರುವುದು ದೊಡ್ಡ ದೊಡ್ಡ ತೋಪುಗಳು. ಆ ತೋಪಿಗೆ ತುಂಬುವ ಗುಂಡನ್ನು ಸಾವಿರಾರು ಮೈಲಿ ಹೊತ್ತು ತಂದವರು ಯಾರು ಅಂತ ಕೇಳುವವರು ಕಡಿಮೆ. ನನಗೆ ಮಾತ್ರ ಆ ಹೊರೆ ಹೊತ್ತ ಹಡಗುಗಳ ಮೇಲೇ ಜಾಸ್ತಿ ಪ್ರೀತಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಮದ್ದುಗುಂಡು ಸಾಗಿಸಿದ 'ರೆಡ್ ಓಕ್ ವಿಕ್ಟರಿ' ಅನ್ನುವ ಸರಕು ಹಡಗು ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದಲ್ಲೇ, ರಿಚ್ಮಂಡ್ ಊರಿನಲ್ಲಿ, ಇವತ್ತಿಗೂ ನೀರಿನ ಮೇಲೆ ನಿಂತಿದೆ. ಸುಮ್ನೆ ಹತ್ತಿ ಇಳಿದು ಬರುವುದಲ್ಲ, ಅದು ಹುಟ್ಟಿದ ಜಾಗ, ಅದರ ಓರಗೆಯ ಹಡಗೊಂದು ಸಿಡಿದು ಹೋದ ಜಾಗ, ಯುದ್ಧ ಮುಗಿದ ಮೇಲೆ ಅದು ವರ್ಷಗಟ್ಟಲೆ ಮಲಗಿದ್ದ ಜಾಗ, ಎಲ್ಲವನ್ನೂ ಒಂದೇ ಸಲ ನೋಡಿಬಿಡಬೇಕು ಅಂತ ರಜೆ ಹಾಕಿ ಹೊರಟೆ.

ಜೊತೆಗೆ ಭಾವ. ಅವರು ಪಣಂಬೂರಿನ ಬಂದರಿನಲ್ಲಿ ಸರಕು ಏರಿಸಿ ಇಳಿಸುವ ಕೆಲಸದ ಉಸ್ತುವಾರಿ ನೋಡಿಕೊಂಡಿದ್ದವರು. ನಿವೃತ್ತಿಯಾದ ಮೇಲೆ ಮಗಳ ಜೊತೆ ಫ್ರೀಮಾಂಟ್‌ನಲ್ಲಿ ನೆಲೆಸಿದ್ದಾರೆ. ಹಡಗಿನ ವಿಷಯ ಅಂದರೆ ಊಟ ನಿದ್ದೆ ಬೇಡ ಅವರಿಗೆ.

ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು ಹೊರಟು, ಟ್ರಾಫಿಕ್‌ನಲ್ಲಿ ಒದ್ದಾಡಿ, ಹನ್ನೊಂದರ ಹೊತ್ತಿಗೆ ರಿಚ್ಮಂಡ್ ಮುಟ್ಟಿದೆವು. ಮೊದಲು ಹೋಗಿದ್ದು 'ರೋಸಿ ದ ರಿವೆಟರ್' ರಾಷ್ಟ್ರೀಯ ಉದ್ಯಾನದ ಸಂದರ್ಶಕರ ಕೇಂದ್ರಕ್ಕೆ. ರೋಸಿ ಅಂದರೆ ಯುದ್ಧಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಸಂಕೇತ. ಹಳೇ ಫೋರ್ಡ್ ಕಾರ್ಖಾನೆಯ ಪಕ್ಕದಲ್ಲಿ, ಆಯಿಲ್ ಹೌಸ್ ಅನ್ನುವ ಇಟ್ಟಿಗೆ ಕಟ್ಟಡದಲ್ಲಿದೆ. ಎದುರಿಗೇ ಕೊಲ್ಲಿ, ಆ ಕಡೆ ದಡದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ.

1940ರಲ್ಲಿ ಈ ಊರಿನ ಜನಸಂಖ್ಯೆ 24,000ದ ಒಳಗೇ ಇತ್ತು. ಹೆನ್ರಿ ಕೈಸರ್ ಅನ್ನುವ ಉದ್ಯಮಿ ಇಲ್ಲಿ ಹಡಗು ಕಟ್ಟುವ ನಾಲ್ಕು ಯಾರ್ಡ್ ತೆರೆದ. ಮೂರೇ ವರ್ಷದಲ್ಲಿ ಜನ ಒಂದು ಲಕ್ಷ ಮೀರಿದರು. ಹಗಲೂ ರಾತ್ರಿ ಪಾಳಿಯಲ್ಲಿ ಕೆಲಸ. ಮಲಗಲು ಮಂಚ ಸಿಕ್ಕದೆ ಒಂದೇ ಹಾಸಿಗೆಯಲ್ಲಿ ಒಂದು ಪಾಳಿಯವರು ಎದ್ದರೆ ಇನ್ನೊಂದು ಪಾಳಿಯವರು ಮಲಗುತ್ತಿದ್ದರಂತೆ. ಯುದ್ಧ ಮುಗಿಯುವ ಹೊತ್ತಿಗೆ ಈ ನಾಲ್ಕು ಯಾರ್ಡ್‌ಗಳಿಂದ 747 ಹಡಗು ಹೊರಬಿದ್ದಿದ್ದವು. ಕೆಲಸಗಾರರಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಬ್ಬರು ಹೆಂಗಸರು. ಅವರಲ್ಲಿ ತುಂಬಾ ಜನ ಮಾಡಿದ್ದು ವೆಲ್ಡಿಂಗ್, ಯಾಕೆಂದರೆ ಇಲ್ಲಿನ ಹಡಗುಗಳಲ್ಲಿ ರಿವೆಟ್ ಹೊಡೆಯುವುದನ್ನು ಬಿಟ್ಟು ಉಕ್ಕಿನ ಹಾಳೆಗಳನ್ನು ಬೆಸೆದೇ ಜೋಡಿಸುತ್ತಿದ್ದರು. ಅವರ ಮಕ್ಕಳನ್ನು ನೋಡಿಕೊಳ್ಳಲು ಶಿಶುಕೇಂದ್ರಗಳನ್ನೂ ತೆರೆದಿದ್ದರು. ಕೆಲಸಗಾರರ ಆರೋಗ್ಯಕ್ಕೆ ಅಂತ ಡಾಕ್ಟರ್ ಸಿಡ್ನಿ ಗಾರ್ಫೀಲ್ಡ್ ನಡೆಸಿದ ವ್ಯವಸ್ಥೆಯೇ ಮುಂದೆ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆ ಆಗಿದ್ದು. ಬೇ ಏರಿಯಾದ ಎಷ್ಟೋ ಕನ್ನಡದ ಮನೆಗಳ ಪರ್ಸಿನಲ್ಲಿ ಆ ಕಾರ್ಡ್ ಇದೆ, ಅದರ ಬೇರು ಒಂದು ಹಡಗುಕಟ್ಟೆಯಲ್ಲಿದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಇಲ್ಲಿನ ಎರಡನೇ ಯಾರ್ಡ್‌ನಲ್ಲಿ 1942ರ ನವೆಂಬರ್‌ನಲ್ಲಿ 'ರಾಬರ್ಟ್ ಇ. ಪಿಯರಿ' ಅನ್ನುವ ಲಿಬರ್ಟಿ ಹಡಗನ್ನು (ಯುದ್ಧಕಾಲದಲ್ಲಿ ಒಂದೇ ಮಾದರಿಯಲ್ಲಿ ಕಟ್ಟುತ್ತಿದ್ದ ಸರಕು ಹಡಗು) ತಳಗಂಬ, ಅಂದರೆ ಹಡಗಿನ ಬೆನ್ನೆಲುಬು, ಇಟ್ಟ ಗಳಿಗೆಯಿಂದ 4 ದಿನ 15 ಗಂಟೆ 29 ನಿಮಿಷದಲ್ಲಿ ಕಟ್ಟಿ ನೀರಿಗೆ ಬಿಟ್ಟರು. ಅದು ಪೈಪೋಟಿಗೆ, ಪ್ರಚಾರಕ್ಕೆ ಮಾಡಿದ್ದು ನಿಜ. ಆದರೆ ಗುಟ್ಟು ನಿಜವಾದದ್ದೇ. ಹಡಗಿನ ದೊಡ್ಡ ದೊಡ್ಡ ಭಾಗಗಳನ್ನು ಬೇರೆ ಕಡೆ ಮೊದಲೇ ಕಟ್ಟಿಟ್ಟುಕೊಂಡು, ಕ್ರೇನ್‌ನಲ್ಲಿ ಎತ್ತಿ ತಂದು ಜೋಡಿಸುತ್ತಿದ್ದರು.

ಲಿಬರ್ಟಿ ಹಡಗುಗಳು ಬೇಗ ಕಟ್ಟಲು ಸರಿ, ಓಡಲು ನಿಧಾನ. 2,500 ಅಶ್ವಶಕ್ತಿಯ ಹಳೇ ಕಾಲದ ಉಗಿ ಎಂಜಿನ್, ವೇಗ 11 ನಾಟ್ (ಗಂಟೆಗೆ ಸುಮಾರು 20 ಕಿ.ಮೀ.). ಜಲಾಂತರ್ಗಾಮಿಗಳಿಗೆ ಸುಲಭದ ಬೇಟೆ. ಜೊತೆಗೆ ಕೊರೆಯುವ ಚಳಿಯ ಸಮುದ್ರದಲ್ಲಿ ಕೆಲವು ಹಡಗುಗಳ ಮೈ ಬಿರುಕು ಬಿಟ್ಟಿತು. ಅದನ್ನೆಲ್ಲಾ ತಿದ್ದಿ ಮಾಡಿದ್ದೇ ವಿಕ್ಟರಿ ಹಡಗು: ಉಗಿ ಟರ್ಬೈನು, 6,000 ಅಥವಾ 8,500 ಅಶ್ವಶಕ್ತಿ, 15 ನಾಟ್ ಮೀರಿದ ವೇಗ. ಒಳಗಿನ ಪಕ್ಕೆಲುಬುಗಳ ನಡುವಿನ ಅಂತರವನ್ನು 30 ಇಂಚಿನಿಂದ 36 ಇಂಚಿಗೆ ಹೆಚ್ಚಿಸಿದರು, ಮೈ ಸ್ವಲ್ಪ ಬಾಗಲಿ, ಸೀಳದಿರಲಿ ಅಂತ. ಇದನ್ನು ಕೇಳಿ ಭಾವ, "ಉಕ್ಕಿಗೂ ಉಸಿರಾಡಕ್ಕೆ ಜಾಗ ಬೇಕು ಕಣೋ" ಅಂದರು.

ಸಂಜೆ ಮರೀನಾ ಬೇ ಪಾರ್ಕಿನಲ್ಲಿರುವ ರೋಸಿ ಸ್ಮಾರಕದಲ್ಲಿ ನಡೆದಾಡಿದೆವು. ಅದೇ ಎರಡನೇ ಯಾರ್ಡ್ ಇದ್ದ ಜಾಗ. ಹಡಗಿನ ತಳಗಂಬದಷ್ಟೇ ಉದ್ದದ ಕಾಲುದಾರಿ ನೀರಿನ ಅಂಚಿನವರೆಗೆ ಹೋಗುತ್ತದೆ. ಚೆನ್ನಾಗಿದೆ. ಗಾಳಿ ಮಾತ್ರ ವಿಪರೀತ, ಸ್ವೆಟರ್ ಮರೆಯಬೇಡಿ.

ಶುಕ್ರವಾರ

ಇವತ್ತಿನ ಜಾಗಕ್ಕೆ ಸುಮ್ನೆ ಕಾರು ಹತ್ತಿ ಹೋಗಕ್ಕಾಗಲ್ಲ. ಪೋರ್ಟ್ ಶಿಕಾಗೋ ಸ್ಮಾರಕ ಇರುವುದು ಈಗಲೂ ಬಳಕೆಯಲ್ಲಿರುವ ಸೇನಾ ನೆಲೆಯ ಒಳಗೆ. ವಾರಗಳ ಮೊದಲೇ ಹೆಸರು, ಗುರುತಿನ ವಿವರ ಕೊಟ್ಟು ಕಾಯ್ದಿರಿಸಬೇಕು. ಮಾರ್ಟಿನೆಜ್‌ನ ಜಾನ್ ಮ್ಯೂರ್ ಮನೆಯ ಹತ್ತಿರದಿಂದ ಉದ್ಯಾನದವರೇ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾರೆ. ದಾರಿಯುದ್ದಕ್ಕೂ ಒಣಗಿದ ಹುಲ್ಲಿನ ದಿಬ್ಬಗಳು, ನಡುನಡುವೆ ಹಳೇ ರೈಲು ಹಳಿ.

1944ರ ಜುಲೈ 17ರ ರಾತ್ರಿ ಇಲ್ಲಿನ ಕಟ್ಟೆಯಲ್ಲಿ ಎರಡು ಹಡಗು ನಿಂತಿದ್ದವು. ಒಂದು ಬದಿಯಲ್ಲಿ ಲಿಬರ್ಟಿ ಹಡಗು 'ಇ. ಎ. ಬ್ರಯನ್'. ಅದರೊಳಗೆ ಆಗಲೇ ಸುಮಾರು 4,600 ಟನ್ ಮದ್ದುಗುಂಡು ತುಂಬಿತ್ತು. ಇನ್ನೊಂದು ಬದಿಯಲ್ಲಿ 'ಕ್ವಿನಾಲ್ಟ್ ವಿಕ್ಟರಿ', ಮೊದಲ ಯಾನಕ್ಕೆ ಸಿದ್ಧವಾಗುತ್ತಿದ್ದ ಹೊಸ ಹಡಗು. ನಮ್ಮ ರೆಡ್ ಓಕ್‌ನ ಓರಗೆಯದು. ಕಟ್ಟೆಯ ಮೇಲೆ ಇನ್ನೂ 16 ರೈಲು ಬೋಗಿ ಗುಂಡು ಇಳಿಸಲು ಕಾದಿದ್ದವು. ರಾತ್ರಿ 10 ಗಂಟೆ 18 ನಿಮಿಷಕ್ಕೆ ಎಲ್ಲವೂ ಸಿಡಿಯಿತು. ಬ್ರಯನ್ ಹಡಗಿನದು ಅಂತ ಗುರುತಿಸಲು ಏನೂ ಉಳಿಯಲಿಲ್ಲ. ಕ್ವಿನಾಲ್ಟ್ ತುಂಡಾಗಿ, ಅದರ ಹಿಂಭಾಗ ಸುಮಾರು 500 ಅಡಿ ದೂರದಲ್ಲಿ ತಲೆಕೆಳಗಾಗಿ ನೀರಿಗೆ ಬಿತ್ತು. 320 ಜನ ಸತ್ತರು. ಅವರಲ್ಲಿ 202 ಮಂದಿ ಕಪ್ಪು ಜನಾಂಗದವರು.

ಯಾಕೆ ಅಷ್ಟು ಮಂದಿ ಅವರೇ? ಗುಂಡು ಹೊರುವ ಕೆಲಸವನ್ನು ನೌಕಾಪಡೆ ಅವರಿಗೇ ಬಿಟ್ಟಿತ್ತು. ಅಪ್ಪಣೆ ಕೊಡುವ ಅಧಿಕಾರಿಗಳೆಲ್ಲಾ ಬಿಳಿಯರು. ಮದ್ದುಗುಂಡು ಹೇಗೆ ಹಿಡಿಯಬೇಕು ಅನ್ನುವ ಸರಿಯಾದ ತರಬೇತಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ಗಂಟೆಗೆ ಎಷ್ಟು ಟನ್ ತುಂಬಿದರು ಅಂತ ಹಲಗೆಯ ಮೇಲೆ ಬರೆದು ತಂಡಗಳ ನಡುವೆ ಪೈಪೋಟಿ ಹಚ್ಚುತ್ತಿದ್ದರು. ಆ ಪೈಪೋಟಿಯ ಮೇಲೆ ಅಧಿಕಾರಿಗಳು ಬಾಜಿ ಕಟ್ಟುತ್ತಿದ್ದರು. ಇದನ್ನು ಕೇಳುವಾಗ ಭಾವನ ಮುಖ ಕೆಂಪಾಗಿತ್ತು. "ಬಾಂಬು ತುಂಬುವಾಗ ಅವಸರ ಮಾಡು ಅಂತ ಹೇಳಿದವನೇ ಕೊಲೆಗಾರ" ಅಂದರು. ನನಗೂ ಹಾಗೇ ಅನಿಸುತ್ತದೆ.

ಬದುಕಿ ಉಳಿದ ಬಿಳಿ ಅಧಿಕಾರಿಗಳಿಗೆ ರಜೆ ಸಿಕ್ಕಿತು. ಕಪ್ಪು ನಾವಿಕರಿಗೆ ಸಿಗಲಿಲ್ಲ. ಗೆಳೆಯರ ಮೈಯ ಚೂರುಗಳನ್ನು ಆರಿಸಿದ ಕೈಗಳಿಗೇ ಮತ್ತೆ ಗುಂಡು ತುಂಬು ಅಂತ ಆಗಸ್ಟ್‌ನಲ್ಲಿ ಅಪ್ಪಣೆ ಬಂತು. 258 ಜನ ಆಗಲ್ಲ ಅಂದರು. 50 ಜನರ ಮೇಲೆ ದಂಗೆಯ ಆರೋಪ ಹೊರಿಸಿ ಸೇನಾ ವಿಚಾರಣೆ ನಡೆಸಿ 8ರಿಂದ 15 ವರ್ಷ ಶಿಕ್ಷೆ ಹಾಕಿದರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಆ ವಿಚಾರಣೆಯನ್ನು ಕೂತು ನೋಡಿ, ಇವರ ಪರವಾಗಿ ಹೋರಾಡಿದರು. 1946ರ ಜನವರಿಯಲ್ಲಿ ಹೆಚ್ಚಿನವರ ಬಿಡುಗಡೆಯಾಯಿತು, ಆದರೆ ತಪ್ಪಿತಸ್ಥರು ಅನ್ನುವ ಹಣೆಪಟ್ಟಿ ಹೋಗಲಿಲ್ಲ. ಅದನ್ನು ಅಳಿಸಿದ್ದು 2024ರ ಜುಲೈ 17ರಂದು, ಸರಿಯಾಗಿ 80 ವರ್ಷದ ಮೇಲೆ. ಆಗಲ್ಲ ಅಂದವರಲ್ಲಿ ತೀರ್ಪು ಇನ್ನೂ ರದ್ದಾಗದೆ ಉಳಿದಿದ್ದ 256 ಜನರನ್ನೂ ನೌಕಾಪಡೆ ನಿರ್ದೋಷಿಗಳು ಅಂತ ಸಾರಿತು. ಅದನ್ನು ಕೇಳಲು ಅವರಲ್ಲಿ ಒಬ್ಬರೂ ಬದುಕಿರಲಿಲ್ಲ.

ನೀರಿನಲ್ಲಿ ಹಳೇ ಕಟ್ಟೆಯ ಮರದ ಕಂಬಗಳ ಮೋಟುಗಳು ಈಗಲೂ ಕಾಣುತ್ತವೆ. ದಡದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲುಗಳು. ಒಂದೊಂದೇ ಓದುತ್ತಾ ಹೋದೆ.

ವ್ಯಾನಿನಲ್ಲಿ ವಾಪಸ್ ಬರುವಾಗ ಭಾವ ಬೊಂಬಾಯಿಯ ಮಾತು ತೆಗೆದರು. ಪೋರ್ಟ್ ಶಿಕಾಗೋಗಿಂತ ಮೂರು ತಿಂಗಳು ಮುಂಚೆ, 1944ರ ಏಪ್ರಿಲ್ 14ರಂದು, ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟೈಕೀನ್' ಅನ್ನುವ ಸರಕು ಹಡಗು ಹೀಗೇ ಸಿಡಿದಿತ್ತು. ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಹತ್ತಿಯ ಮೂಟೆ, ಚಿನ್ನದ ಗಟ್ಟಿ! ಹತ್ತಿಗೆ ಬೆಂಕಿ ಹತ್ತಿ, ಆರಿಸಲು ಹೋದ ಅಗ್ನಿಶಾಮಕದವರೂ ಸೇರಿ ನೂರಾರು ಜನ ಸತ್ತರು. ನಮ್ಮಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನ ಅಂತ ಆಚರಿಸುವುದು ಅವರ ನೆನಪಿಗೇ. ಬಂದರಿನಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲಾ ಹಿರಿಯರು ಈ ಕಥೆ ಹೇಳುತ್ತಿದ್ದರು ಅಂತ ಭಾವ ಹೇಳಿದರು.

ಶನಿವಾರ

ಇಡೀ ದಿನ ಹಡಗಿಗೇ ಮೀಸಲು.

ರೆಡ್ ಓಕ್ ಕಟ್ಟಿದ್ದು ಒಂದನೇ ಯಾರ್ಡ್‌ನಲ್ಲಿ, ಈಗ ನಿಂತಿರುವುದು ಮೂರನೇ ಯಾರ್ಡ್‌ನ ಕಟ್ಟೆಯಲ್ಲಿ. ಪಕ್ಕದಲ್ಲೇ ಸುತ್ತಲೂ ತಿರುಗುವ, ಯುದ್ಧಕಾಲದ ವ್ಹರ್ಲಿ ಕ್ರೇನ್ ಒಂದು ಇನ್ನೂ ಕತ್ತೆತ್ತಿ ನಿಂತಿದೆ. 455 ಅಡಿ ಉದ್ದ, 62 ಅಡಿ ಅಗಲ. ಹತ್ತಿರ ಹೋಗಿ ತಲೆ ಎತ್ತಿದರೆ ಆಕಾಶ ಕಾಣಲ್ಲ, ಬರೀ ಬೂದು ಬಣ್ಣದ ಗೋಡೆ. ಮೈಯ ಮೇಲೆ ವೆಲ್ಡಿಂಗ್ ಗೆರೆಗಳು ಇವತ್ತಿಗೂ ಕೈಗೆ ಸಿಗುತ್ತವೆ. ಏಣಿಯ ಪಕ್ಕ ಒಂದು ಕಡೆ ಗೆರೆ ನೇರವಾಗಿ, ಸಮವಾಗಿ ಬಂದು, ಒಂದು ಗೇಣಿನಷ್ಟು ಉದ್ದಕ್ಕೆ ದಪ್ಪಗಾಗಿ, ಆಮೇಲೆ ಮತ್ತೆ ತೆಳ್ಳಗಾಗಿತ್ತು. ಅಲ್ಲಿ ಕೈ ಬದಲಾಗಿರಬೇಕು, ಒಬ್ಬರ ಪಾಳಿ ಮುಗಿದು ಇನ್ನೊಬ್ಬರದು ಶುರುವಾಗಿರಬೇಕು ಅಂತ ನನ್ನ ಊಹೆ.

ಹೆಸರಿನ ಕಥೆ ಕೇಳಿ. ಅಯೋವಾ ರಾಜ್ಯದ ರೆಡ್ ಓಕ್ ಒಂದು ಪುಟ್ಟ ಊರು, ಆಗ ಆರು ಸಾವಿರ ಜನವೂ ಇರಲಿಲ್ಲ. ಆ ಊರಿನ ಎಷ್ಟೋ ಹುಡುಗರು ಒಂದೇ ಪಡೆಯಲ್ಲಿದ್ದರು. 1943ರ ಫೆಬ್ರವರಿಯಲ್ಲಿ ಟ್ಯುನೀಷಿಯಾದಲ್ಲಿ ಜರ್ಮನ್ನರ ಟ್ಯಾಂಕುಗಳು ಆ ಪಡೆಯನ್ನು ಸುತ್ತುವರಿದವು. ಮಾರ್ಚ್‌ನಲ್ಲಿ ಒಂದು ಸಂಜೆ ಊರಿನ ಟೆಲಿಗ್ರಾಫ್ ಕಚೇರಿಗೆ 'ನಿಮ್ಮ ಮಗ ಕಾಣೆಯಾಗಿದ್ದಾನೆ' ಅನ್ನುವ ತಂತಿಗಳು ಒಂದರ ಹಿಂದೆ ಒಂದು ಬರತೊಡಗಿದವು, ರಾತ್ರಿಯಾದರೂ ನಿಲ್ಲಲಿಲ್ಲ. ಎಷ್ಟೋ ಹುಡುಗರು ಸೆರೆ ಸಿಕ್ಕಿದ್ದರು ಅಂತ ತಿಳಿದದ್ದು ಆಮೇಲೆ. ಅಷ್ಟು ಕಳೆದುಕೊಂಡ ಊರಿನ ಹೆಸರನ್ನೇ ಹಡಗಿಗೆ ಇಟ್ಟರು.

ಕಟ್ಟಲು ಹಿಡಿದದ್ದು 87 ದಿನ. 1944ರ ನವೆಂಬರ್ 9ಕ್ಕೆ ನೀರಿಗಿಳಿಯಿತು, ಡಿಸೆಂಬರ್ 5ಕ್ಕೆ ನೌಕಾಪಡೆ ಸೇರಿತು. ಸಂಖ್ಯೆ ಎಕೆ-235. ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ನವೆಂಬರ್ 10ರ ಬೆಳಿಗ್ಗೆ ನ್ಯೂ ಗಿನಿಯ ಹತ್ತಿರದ ಮಾನುಸ್ ದ್ವೀಪದಲ್ಲಿ, ಮದ್ದುಗುಂಡಿನ ಹಡಗು 'ಮೌಂಟ್ ಹುಡ್' ಸುಮಾರು 3,800 ಟನ್ ಸ್ಫೋಟಕದ ಸಮೇತ ಸಿಡಿದು ಹೋಯಿತು. ಹಡಗಿನ ಮೇಲಿದ್ದವರಲ್ಲಿ ಯಾರೂ ಉಳಿಯಲಿಲ್ಲ, ಕೆಲಸದ ಮೇಲೆ ದಡಕ್ಕೆ ಹೋಗಿದ್ದ ಸಣ್ಣ ಗುಂಪು ಮಾತ್ರ ಬದುಕಿತು. ಮಾನುಸ್‌ನಲ್ಲಿ 10ರ ಬೆಳಿಗ್ಗೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ 9ರ ಮಧ್ಯಾಹ್ನ. ಒಂದು ಕಡೆ ಹಡಗು ನೀರಿಗಿಳಿದ ದಿನವೇ ಇನ್ನೊಂದು ಕಡೆ ಅದೇ ಕೆಲಸ ಮಾಡುತ್ತಿದ್ದ ಹಡಗು ಇಲ್ಲವಾಯಿತು. ರೆಡ್ ಓಕ್ ಹತ್ತಿದ ನಾವಿಕರಿಗೆ ತಾವು ಏನು ಹೊರಲಿದ್ದೇವೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

1945ರ ಜನವರಿ 10ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಪರ್ಲ್ ಹಾರ್ಬರ್, ಅಲ್ಲಿಂದ ಎನಿವೆಟಾಕ್ ದ್ವೀಪ, ಫೆಬ್ರವರಿ 28ಕ್ಕೆ ಉಲಿಥಿ. ಉಲಿಥಿ ಅಂದರೆ ಪೆಸಿಫಿಕ್ ನಡುವೆ ಹವಳದ ದ್ವೀಪಗಳ ಒಂದು ಉಂಗುರ, ಮಧ್ಯೆ ಆಳವಾದ ತಿಳಿನೀರು. ಅಲ್ಲಿ ಕಟ್ಟೆ ಇಲ್ಲ, ಗೋದಾಮು ಇಲ್ಲ. ಆ ಮಾರ್ಚ್‌ನಲ್ಲಿ ಜಪಾನಿನ ಓಕಿನಾವಾ ದ್ವೀಪದ ಮೇಲಿನ ದಾಳಿಗೆ ಮುಂಚೆ 600ಕ್ಕೂ ಜಾಸ್ತಿ ಹಡಗು ಅಲ್ಲಿ ಲಂಗರು ಹಾಕಿದ್ದವು. ಹತ್ತನೇ ಸರ್ವಿಸ್ ಸ್ಕ್ವಾಡ್ರನ್ ಅನ್ನುವ ದಳದಲ್ಲಿ ರೆಡ್ ಓಕ್‌ನಂಥ ಹಡಗುಗಳೇ ತೇಲುವ ಗೋದಾಮು. ಯುದ್ಧನೌಕೆ ಪಕ್ಕಕ್ಕೆ ಬಂದು ನಿಲ್ಲಬೇಕು, ಬೇಕಾದ ಗುಂಡನ್ನು ಇವರು ಎತ್ತಿ ಕೊಡಬೇಕು. ಆಮೇಲೆ ಫಿಲಿಪ್ಪೀನ್ಸ್‌ನಲ್ಲೂ ಅದೇ ಕೆಲಸ.

ಹಡಗಿನಲ್ಲಿ ಐದು ಹೋಲ್ಡ್, ಅಂದರೆ ಸರಕು ತುಂಬುವ ಒಳಕೋಣೆ, ಮುಂದೆ ಮೂರು, ಹಿಂದೆ ಎರಡು. ಒಂದರೊಳಗೆ ಇಳಿದೆವು. ಏಣಿ ಕಡಿದು, ಕಬ್ಬಿಣ ತಣ್ಣಗೆ, ಮಾತಾಡಿದರೆ ದನಿ ತಿರುಗಿ ಬರುತ್ತದೆ. ಮದ್ದುಗುಂಡು ತುಂಬುವ ಹಡಗಿನಲ್ಲಿ ಬರೀ ಕಬ್ಬಿಣದ ಮೇಲೆ ಗುಂಡು ಇಡುವ ಹಾಗಿಲ್ಲ. ನೆಲಕ್ಕೆ, ಗೋಡೆಗೆ ಹಲಗೆ ಹೊಡೆದು, ಸಾಲು ಸಾಲಿನ ನಡುವೆ ಮರದ ತುಂಡು ಬಿಗಿಯಬೇಕು. ಬಂದರಿನಲ್ಲಿ ಇದಕ್ಕೆ ಡನ್ನೇಜ್ ಅನ್ನುತ್ತಾರೆ. ಬಳೆಗಾರ ಮಲಾರದಲ್ಲಿ ಬಳೆ ಜೋಡಿಸಿದ ಹಾಗೆ ಒಂದಕ್ಕೊಂದು ತಾಗದಂತೆ, ಅಲ್ಲಾಡದಂತೆ. ಭಾವ ಅಲ್ಲೇ ನಿಂತು ಕೈ ಆಡಿಸಿ ಪಾಠ ಶುರು ಮಾಡಿದರು. "ನೋಡು, ಒಂದು ಜಾತಿ ಗುಂಡನ್ನೆಲ್ಲಾ ಒಂದೇ ಹೋಲ್ಡಿಗೆ ತುಂಬಿದರೆ ತುಂಬುವುದು ಸುಲಭ. ಆದರೆ ಕೊಡುವಾಗ ಕೆಟ್ಟೆ. ಬಂದವನು ಎರಡು ತರಹದ್ದು ಕೇಳ್ತಾನೆ, ಮೂರು ತರಹದ್ದು ಕೇಳ್ತಾನೆ. ಮೇಲಿನದನ್ನು ಎತ್ತದೆ ಕೆಳಗಿನದು ಸಿಗಲ್ಲ. ಅದಕ್ಕೇ ತುಂಬುವ ದಿನವೇ ಇಳಿಸುವ ದಿನದ್ದು ಯೋಚನೆ ಮಾಡಬೇಕು." ಜೊತೆಗಿದ್ದ ಸ್ವಯಂಸೇವಕರೊಬ್ಬರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಕ್ಕು, ಭಾವನ ಕೈ ಹಿಡಿದು ಕುಲುಕಿದರು. ಆಮೇಲೆ ಇಬ್ಬರೂ ಸೇರಿ ವಿಂಚಿನ (ಸರಕು ಎತ್ತುವ ಹಗ್ಗವನ್ನು ಸುತ್ತುವ ಯಂತ್ರ) ಹತ್ತಿರ ಹೋದರು, ನಾನು ಹಿಂದೆ.

ಆ ವಿಂಚಿನ ಮುಂದೆ ನಿಂತಾಗಲೇ ನನಗೆ ಈ ಕೆಲಸದ ಭಾರ ತಿಳಿದದ್ದು. ಎರಡು ಡೆರಿಕ್ (ಸರಕು ಎತ್ತುವ ಉದ್ದನೆಯ ತೋಳು), ಎರಡು ಹಗ್ಗ, ಒಂದೇ ಕೊಕ್ಕೆ. ಒಂದು ಹಗ್ಗ ಎಳೆಯುತ್ತಾ ಬಂದಂತೆ ಇನ್ನೊಂದನ್ನು ಅಷ್ಟೇ ಸಡಿಲ ಬಿಡಬೇಕು. ಹೋಲ್ಡಿನೊಳಗೆ ಏನಾಗುತ್ತಿದೆ ಅಂತ ವಿಂಚ್ ನಡೆಸುವವನಿಗೆ ಕಾಣಲ್ಲ, ಹೋಲ್ಡಿನ ಬಾಯಲ್ಲಿ ನಿಂತವನ ಕೈಸನ್ನೆಯೇ ಕಣ್ಣು. ಹಡಗು ಅಲೆಯ ಮೇಲೆ ಏರಿ ಇಳಿಯುತ್ತಿರುತ್ತದೆ, ಪಕ್ಕದ ಯುದ್ಧನೌಕೆ ಬೇರೆ ತಾಳದಲ್ಲಿ ಏರಿ ಇಳಿಯುತ್ತದೆ, ನಡುವೆ ಗುಂಡಿನ ಬಲೆ ತೂಗಾಡುತ್ತದೆ. ಇಷ್ಟರಲ್ಲಿ ಒಂದು ಸಲ ಕೈ ತಪ್ಪಿದ್ದರೆ? ತಪ್ಪಲಿಲ್ಲ. ಅಷ್ಟೊಂದು ಮದ್ದುಗುಂಡು ಕೈಯಿಂದ ಕೈಗೆ ದಾಟಿಸಿದ ಈ ಹಡಗಿನಲ್ಲಿ ಒಬ್ಬನ ಪ್ರಾಣವೂ ಹೋಗಲಿಲ್ಲ. ನಿನ್ನೆಯ ಕಲ್ಲುಗಳನ್ನು ಓದಿ ಬಂದವನಿಗೆ ಇದಕ್ಕಿಂತ ದೊಡ್ಡ ಪದಕ ಯಾವ ಹಡಗಿಗೂ ಬೇಕಿಲ್ಲ ಅನಿಸಿತು. ಏನೂ ಆಗಲಿಲ್ಲ ಅನ್ನುವುದನ್ನು ಚರಿತ್ರೆ ಬರೆಯುವವರು ಬಿಟ್ಟುಬಿಡುತ್ತಾರೆ. ಏನೂ ಆಗದ ಹಾಗೆ ನೋಡಿಕೊಳ್ಳುವುದೇ ಆ ನಾವಿಕರ ಕೆಲಸವಾಗಿತ್ತು, ಅಲ್ವಾ?

ಎಂಜಿನ್ ಕೋಣೆಗೂ ಇಳಿದೆವು. ಟರ್ಬೈನು, ಬಾಯ್ಲರು, ಎಣಿಸಲಾಗದಷ್ಟು ಪೈಪು. ಅಲ್ಲಿಂದ ಹಿಂದಕ್ಕೆ, ಹಿಂದಿನ ಹೋಲ್ಡುಗಳ ಅಡಿಯಲ್ಲಿ, ಪ್ರೊಪೆಲ್ಲರಿನವರೆಗೆ ಒಂದು ಸುರಂಗ. ಪಕ್ಕದಲ್ಲಿ ಉದ್ದಕ್ಕೂ ದಪ್ಪನೆಯ ಶಾಫ್ಟ್. ಅದರ ಬೇರಿಂಗ್ ಬಿಸಿಯಾಗಿದೆಯಾ ಅಂತ ನೋಡಲು ಒಬ್ಬ ಹುಡುಗ ಹೊತ್ತು ಹೊತ್ತಿಗೆ ಇಲ್ಲಿ ಓಡಾಡಬೇಕಿತ್ತು, ತಲೆಯ ಮೇಲೆ ಟನ್‌ಗಟ್ಟಲೆ ಬಾಂಬು ಇಟ್ಟುಕೊಂಡು.

1946ರಲ್ಲಿ ನೌಕಾಪಡೆಯ ಕೆಲಸ ಮುಗಿಯಿತು. ಆಮೇಲೆ ಲಕೆನ್‌ಬಾಕ್ ಅನ್ನುವ ಕಂಪನಿಯ ಕೈಯಲ್ಲಿ ಜಪಾನ್, ಕೊರಿಯಾ, ಕ್ಯೂಬಾ, ಪಾಕಿಸ್ತಾನ, ಸಿಂಗಪುರ ಎಲ್ಲಾ ಸುತ್ತಿತು. ನಮ್ಮ ಭಾರತಕ್ಕೂ ಬಂದಿತ್ತು! 1966ರಿಂದ 68ರವರೆಗೆ ವಿಯೆಟ್ನಾಂ ಯುದ್ಧಕ್ಕೆ ಸರಕು ಹೊತ್ತಿತು.

ಭಾನುವಾರ

ಇವತ್ತು ಕಾರು ಬೇಡ ಅಂತ ರಿಚ್ಮಂಡ್ ಸ್ಟೇಷನ್ನಿನಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿದೆವು. ಕೊಲ್ಲಿಯ ಅಂಚಿನಲ್ಲೇ ಓಡುವ ದಾರಿ, ಕಿಟಕಿ ಪಕ್ಕ ಕೂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲ. ಮಾರ್ಟಿನೆಜ್ ಬಿಟ್ಟು ಸೇತುವೆ ದಾಟಿದ ಮೇಲೆ ಬಲಗಡೆ ಸುಸೂನ್ ಕೊಲ್ಲಿ. ಯುದ್ಧ ಮುಗಿದ ಮೇಲೆ ಅಮೆರಿಕ ಸರಕಾರ ತನ್ನ ಹಳೇ ಸರಕು ಹಡಗುಗಳನ್ನು ತಂದು ಕಟ್ಟಿಹಾಕಿದ ಜಾಗ. ಒಂದು ಕಾಲಕ್ಕೆ ಇಲ್ಲಿ 300ಕ್ಕೂ ಜಾಸ್ತಿ ಹಡಗು ಸಾಲು ಸಾಲಾಗಿ ನಿಂತಿದ್ದವು. ರೆಡ್ ಓಕ್ 1968ರಿಂದ 1998ರವರೆಗೆ ಆ ಸಾಲಿನಲ್ಲಿತ್ತು.

ಮೂವತ್ತು ವರ್ಷ ಅಂದರೆ ತುಕ್ಕು, ಹಕ್ಕಿ ಹಿಕ್ಕೆ, ಸಿಪ್ಪೆ ಏಳುವ ಬಣ್ಣ. ಆ ಬಣ್ಣದ ಸೀಸ, ತಾಮ್ರ ಎಲ್ಲಾ ನೀರಿಗೆ ಸೇರುತ್ತದೆ ಅಂತ ಪರಿಸರದವರು ಕೋರ್ಟಿಗೆ ಹೋದರು. 2010ರಲ್ಲಿ ಒಪ್ಪಂದವಾಗಿ, ಹಳೆಯ 57 ಹಡಗುಗಳನ್ನು 2017ರ ಹೊತ್ತಿಗೆ ಸಾಗಿಸಿದರು, ಹೆಚ್ಚಿನವು ಗುಜರಿಗೆ. ಈಗ ರೈಲಿನಿಂದ ಕಾಣುವುದು ಬೆರಳೆಣಿಕೆಯಷ್ಟು. ಕೋರ್ಟಿಗೆ ಹೋದವರದು ತಪ್ಪು ಅಂತ ನಾನು ಹೇಳಲ್ಲ, ಆ ನೀರಿನಲ್ಲಿ ಮೀನು ಬದುಕಬೇಕು. ಆದರೆ 500ಕ್ಕೂ ಮೇಲೆ ಕಟ್ಟಿದ ವಿಕ್ಟರಿ ಹಡಗುಗಳಲ್ಲಿ ಇಂದು ಮ್ಯೂಸಿಯಂ ಆಗಿ ಉಳಿದಿರುವುದು ಮೂರೇ: ಸ್ಯಾನ್ ಪೆಡ್ರೋದ 'ಲೇನ್ ವಿಕ್ಟರಿ', ಟ್ಯಾಂಪಾದ 'ಅಮೆರಿಕನ್ ವಿಕ್ಟರಿ', ಮತ್ತು ನಮ್ಮ ರೆಡ್ ಓಕ್. ರಿಚ್ಮಂಡ್‌ನ ಇತಿಹಾಸ ಮ್ಯೂಸಿಯಂನವರು ಹಟ ಹಿಡಿದು, ಅಮೆರಿಕದ ಸಂಸತ್ತಿನಿಂದ ಕಾನೂನನ್ನೇ ಮಾಡಿಸಿ, 1998ರ ಸೆಪ್ಟೆಂಬರ್‌ನಲ್ಲಿ ಅದನ್ನು ಊರಿಗೆ ಎಳೆಸಿಕೊಂಡು ಬಂದರು. ಆ ಊರಿನಲ್ಲಿ ಕಟ್ಟಿದ 747ರಲ್ಲಿ ಒಂದನ್ನಾದರೂ ಮನೆಗೆ ತಂದರಲ್ಲ, ಆ ಹಟಕ್ಕೆ ನನ್ನ ನಮಸ್ಕಾರ.

ಸುಸೂನ್ ಸಿಟಿಯಲ್ಲಿ ಇಳಿದು, ನೀರಿನ ಪಕ್ಕದ ಬೆಂಚಿನಲ್ಲಿ ಮೊಸರನ್ನ ತಿಂದು, ಮುಂದಿನ ರೈಲಿಗೆ ವಾಪಸ್.

ಹಡಗು ನೋಡಬೇಕು ಅನ್ನುವವರು ಹೋಗುವ ಮೊದಲು ತೆರೆದಿರುವ ದಿನ ನೋಡಿಕೊಳ್ಳಿ, ವಾರವಿಡೀ ತೆರೆದಿರಲ್ಲ. ಗಟ್ಟಿ ಅಡಿಯ ಶೂ ಹಾಕಿಕೊಳ್ಳಿ, ಸೀರೆ ಉಟ್ಟು ಏಣಿ ಇಳಿಯುವುದು ಕಷ್ಟ. ಟಿಕೆಟ್ ದುಡ್ಡು ಹಡಗಿನ ರಿಪೇರಿಗೇ ಹೋಗುತ್ತದೆ. ಬಣ್ಣ ಕೆರೆಯುವುದರಿಂದ ಎಂಜಿನ್ ಕೆಲಸದವರೆಗೆ ಅಲ್ಲಿ ಬಹುಪಾಲು ಮಾಡುವವರು ಸ್ವಯಂಸೇವಕರು, ಹೆಚ್ಚಿನವರಿಗೆ ವಯಸ್ಸಾಗಿದೆ, ಹೊಸ ಕೈಗಳು ಬೇಕು. ಭಾವ ಶನಿವಾರವೇ ಹೆಸರು ಬರೆಸಿ ಬಂದಿದ್ದಾರೆ. ಅವರಿಗೆ ಕೊಟ್ಟಿರುವುದು ಎರಡನೇ ಹೋಲ್ಡಿನ ವಿಂಚು.